ಮಾವನ ಬೋಲ್ಟಿನ ಡಬ್ಬಿ

ಎಂಗ್ಳ ಮನೆ ಕೊಟ್ಟಿಗೆ ಪಕ್ಕದಲ್ಲಿ ಹಳೆ ಅಂಬಾಸಿಡರ್ ಒಂದು ನಿಂತಿದ್ದು ನಿಂಗ ಎಲ್ಲ ನೋಡಿದ್ದಿ. ಹೋದ ತಿಂಗಳು ಅದರ ಡೈನಮೋದ ಒಂದು ಬೋಲ್ಟು ಎಲ್ಲೋ ಬಿದ್ದು ಹೋಗಿತ್ತು. ಅದು ಇಲ್ದಿದ್ರೆ ಬೆಲ್ಟು ಸಡಿಲಾಗ್ತು, ಫ್ಯಾನು, ನೀರಿನ ಪಂಪು ಸರಿ ತಿರುಗ್ತಿಲ್ಲೆ. ಹಾಂಗೇ ಅರಬೈಲ್ ಘಟ್ಟ ಹತ್ತಲೆ ಹೋದ್ರೆ ಅರ್ಧ ದಾರಿಲೇ ಎಂಜಿನ್ನು ಕುದೀತು.

ಮಾವಂಗೆ ಈಗ ಕಣ್ಣು ಮಂಜು. ಕಣ್ಣಿನ ಡಾಕ್ಟರ ಹತ್ರ ಹೋಪಲೇ ಕಾರು ಬೇಕಾಗಿತ್ತು. "ತಂಗಿ, ಡಬ್ಬಿಲಿ ಹುಡ್ಕಿ ಒಂದು ಹಾಕು" ಹೇಳ್ದ. ದಪ್ಪ ಸಮ ಕಂಡ ಬೋಲ್ಟು ಆರಿಸಿ ಹಾಕಿದಿ. ಎರಡು ಸುತ್ತು ಹೋತು, ಮತ್ತೆ ಬಿಗಿ. ಪಾನಾ ಹಾಕಿ ಜೋರು ಮಾಡಿದಿ. ಒಳಗಿನ ಥ್ರೆಡ್ಡು ಪೂರಾ ಕಿತ್ತು ಬಂತು.

ಮಾವ ಬೈದಿದ್ನಿಲ್ಲೆ. ಬೋಲ್ಟನ್ನ ಉಗುರಲ್ಲಿ ಗೀರಿ ನೋಡಿ, "ಇದು ಎಂಟು ಎಂಎಂ. ಕಾರಿಂದು ಇಂಚಿನ ಲೆಕ್ಕದ್ದು" ಹೇಳ್ದ.

ಇಂಚಿನ ಹದಿನಾರರಲ್ಲಿ ಐದು ಪಾಲು ಅಂದ್ರೆ 7.94 ಎಂಎಂ. ಕಣ್ಣಿಗೆ ಎಂಟರ ಹಾಂಗೇ ಕಾಣ್ತು. ಆದ್ರೆ ಕಾರಿನ ಬೋಲ್ಟಿಗೆ ಒಂದು ಇಂಚಲ್ಲಿ 24 ಗೆರೆ, ಎಂಟು ಎಂಎಂನದಕ್ಕೆ ಸುಮಾರು 20. ಬೇರೆ ಡಬ್ಬಿ ಮುಚ್ಚಲ ಒತ್ತಿ ಹಾಕಿದ ಹಾಂಗೆ ಆತು ಎನ್ನ ಕೆಲಸ.

ಮೊದ್ಲು ಇಂಗ್ಲೆಂಡಲ್ಲಿ ಒಂದೊಂದು ಕಾರ್ಖಾನೆಗೆ ಒಂದೊಂದು ನಮನಿ ಬೋಲ್ಟು ಇತ್ತಡ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಹೇಳಂವ ಎಲ್ಲರಿಗೂ ಒಂದೇ ಅಳತೆ ಇರ್ಲಿ ಹೇಳ್ದ. ಅವನ ಗೆರೆಯ ಕೋನ 55 ಡಿಗ್ರಿ. ಅಮೆರಿಕದವು 60 ಹಿಡ್ದ. ಎರಡನೇ ಮಹಾಯುದ್ಧದಲ್ಲಿ ಒಬ್ಬರ ಬೋಲ್ಟು ಇನ್ನೊಬ್ಬರ ಯಂತ್ರಕ್ಕೆ ಕೂರದೇ ರಾಶಿ ಕಷ್ಟ ಆತು. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ 60 ಡಿಗ್ರಿದೇ ಒಂದು ಇಂಚಿನ ಅಳತೆ ಒಪ್ಪಿಕ್ಯಂಡ. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿಂದ. ಹಾಂಗಾಗಿ ಅದಕ್ಕೂ ಆ ಇಂಚಿನ ಬೋಲ್ಟೇ ಬಂತು. ಇಲ್ಲಿ 1956ರಲ್ಲೇ ಮೀಟರ್, ಕಿಲೋ ಲೆಕ್ಕದ ಕಾನೂನು ಬಂದ್ರೂ ಕಾರಿನ ಹಳೆ ಬೋಲ್ಟು ಹೋಜಿಲ್ಲೆ. 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ನು ಹಾಕಿದ ಮ್ಯಾಲಂತೂ ಎಂಜಿನ್ನಿಗೆ ಎಂಎಂ, ಉಳಿದಿದ್ದಕ್ಕೆ ಇಂಚು. ಒಂದೇ ಕಾರಿಗೆ ಎರಡು ಪೆಟ್ಟಿಗೆ ಪಾನಾ!

ಪಾನಾದಲ್ಲೂ ಮೋಸ ಇದ್ದು. ಅರ್ಧ ಇಂಚು ಅಂದ್ರೆ 12.7 ಎಂಎಂ. ಅದಕ್ಕೆ 13ರ ಪಾನಾ ಹೋಗ್ತು. ಆದ್ರೆ ಬಿಗಿ ಇದ್ದಲ್ಲಿ ಜಾರಿ ಬೋಲ್ಟಿನ ಮೂಲೆ ಸವೀತು, ಆಮೇಲೆ ಯಾವ ಪಾನಾಕ್ಕೂ ಅದು ಸಿಕ್ತಿಲ್ಲೆ.

ಕಡೆಗೆ ಲೇಥಿನಲ್ಲಿ ಬುಶ್ ಕೂರ್ಸಿ ಹೊಸ ಥ್ರೆಡ್ಡು ಹೊಡ್ಸಿದ್ದಾತು. ಆ ವಾರ ಮಾವ ಬಸ್ಸಲ್ಲಿ ನಿಂತ್ಕಂಡೇ ಡಾಕ್ಟರ ಹತ್ರ ಹೋಗಿ ಬಂದ. ಎಂಗೆ ಅದೇ ಬೇಜಾರು.

ಈಗ ಖಾಲಿ ಉಪ್ಪಿನಕಾಯಿ ಬಾಟ್ಲಿ ತೊಳ್ದು ಒಣಗ್ಸಿ ಬೋಲ್ಟು ಬೇರೆ ಬೇರೆ ಮಾಡ್ತಾ ಇದ್ದಿ. ಇಂಚಿಂದು ಒಂದ್ಕಡೆ, ಎಂಎಂದು ಒಂದ್ಕಡೆ. ಮಾವ ಜಗುಲಿಲಿ ಕೂತು ಗೊತ್ತಿದ್ದ ನಟ್ಟು ಹಾಕಿ ನೋಡಿ ಹೇಳ್ತ, ಆನು ಚೀಟಿ ಅಂಟ್ಸ್ತಿ. ಅವ ಹೇಳದು ಒಂದೇ ಮಾತು: ಬೆರಳಲ್ಲಿ ನಾಲ್ಕು ಸುತ್ತು ಸಲೀಸಾಗಿ ಹೋಗವು, ಆಮೇಲೇ ಪಾನಾ. ನಿಂಗ್ಳ ಮನೆ ಪಂಪ್‌ಸೆಟ್ಟಿಗೂ, ಅಡಿಕೆ ಸುಲಿಯ ಮಷಿನ್ನಿಗೂ ಇದೇ ಲೆಕ್ಕ. ಹೋಗದಿದ್ರೆ ಒತ್ತಲಾಗ, ಬೇರೆ ಹುಡ್ಕವು.