ಅವ್ವನ ಮೈಯ ಬೆಳಕು

ಪ್ರತಿದ್ರವ್ಯವೆಂಬುದು ಆಕಾಶದಾಚೆಯ ವಸ್ತುವೆಂದೇ ನಾನು ಬಹುಕಾಲ ಭಾವಿಸಿದ್ದೆನು. ಗುಡೂರಿನ ಮಗ್ಗದ ಕುಣಿಯಲ್ಲಿ ಐವತ್ತು ವರ್ಷ ಕಾಲಿಳಿಬಿಟ್ಟು ಕುಳಿತ ನಮ್ಮ ಅವ್ವನ ಮೈಯೊಳಗೇ ಅದು ಹುಟ್ಟಿ ಅಳಿಯುವ ದಿನವೊಂದು ಬರುವುದೆಂದು ಯಾರು ಬಲ್ಲರು?

ಆಕೆಯ ಎದೆಯ ಗಂಟು ಅರ್ಬುದವೆಂದು ತಿಳಿದ ಮೇಲೆ, ರೋಗವು ಎಲ್ಲೆಲ್ಲಿಗೆ ಹಬ್ಬಿದೆಯೆಂದು ನೋಡುವುದಕ್ಕಾಗಿ ಬೆಂಗಳೂರಿಗೆ ಕರೆದೊಯ್ದೆವು. ಅಲ್ಲಿ ಪೆಟ್ ಎಂಬ ಪರೀಕ್ಷೆಯನ್ನು ಮಾಡುವರು. ವಿಕಿರಣಶೀಲ ಫ್ಲೋರಿನ್ ಕೂಡಿಸಿದ ಒಂದು ಬಗೆಯ ಸಕ್ಕರೆಯನ್ನು ನರಕ್ಕೆ ಚುಚ್ಚುವರು. ಅರ್ಬುದದ ಕೋಶಗಳು ಅದನ್ನು ಹೆಚ್ಚಾಗಿ ಹೀರುವುವು. ಆ ಫ್ಲೋರಿನ್ 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತ ಪಾಸಿಟ್ರಾನುಗಳನ್ನು ಉಗುಳುವುದು. ಇಲೆಕ್ಟ್ರಾನಿನಷ್ಟೇ ತೂಕ, ವಿದ್ಯುದಂಶ ಮಾತ್ರ ವಿರುದ್ಧ. ಪ್ರತಿದ್ರವ್ಯವೆಂದರೆ ಇದೇ. ಅದು ಒಂದೆರಡು ಮಿಲಿಮೀಟರು ಸಾಗುವುದರೊಳಗೆ ಮೈಯ ಇಲೆಕ್ಟ್ರಾನೊಂದನ್ನು ಸಂಧಿಸಲು, ಎರಡೂ ಇಲ್ಲವಾಗಿ, ಎದುರುಬದುರು ದಿಕ್ಕಿಗೆ ಎರಡು ಗಾಮಾ ಕಿರಣಗಳು ಹಾರುವುವು. ಅವುಗಳ ಜಾಡು ಹಿಡಿದು ಯಂತ್ರವು ಚಿತ್ರ ಬರೆಯುವುದು.

ಈ ಕಣವನ್ನು 1932ರಲ್ಲಿ ಆಂಡರ್ಸನ್ ವಿಶ್ವಕಿರಣಗಳಲ್ಲಿ ಕಂಡನು. ಅದು ಇಲೆಕ್ಟ್ರಾನಿಗೆ ತಾಗಿ ಚದರುವ ಬಗೆಯನ್ನು 1936ರಲ್ಲಿ ಗಣಿಸಿ ಪ್ರಕಟಿಸಿದ ಹೋಮಿ ಭಾಭಾ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಭ್ಯಾಸ ಮಾಡಿದರು.

ಚುಚ್ಚಿದ ಮೇಲೆ ಒಂದು ತಾಸು ಅಲುಗದೆ ಇರಬೇಕು. ಆಡುವ ಸ್ನಾಯುವೂ ಸಕ್ಕರೆ ಬೇಡುವುದಷ್ಟೆ. ಆ ದಿನ ಎಳೆಯ ಮಕ್ಕಳನ್ನು ಎತ್ತಿಕೊಳ್ಳಬಾರದೆಂದೂ ಹೇಳಿದರು. ಹೊರಗೆ ಕುಳಿತು ನಾನು ಲೆಕ್ಕ ಹಾಕಿದೆನು. ಹೆದರಿದವನಿಗೆ ಲೆಕ್ಕವೂ ಒಂದು ಜಪವೇ. ಒಂದು ಗ್ರಾಂ ದ್ರವ್ಯವು ಪೂರ್ತಿ ಶಕ್ತಿಯಾದರೆ 90 ಲಕ್ಷ ಕೋಟಿ ಜೂಲ್. ಅವ್ವನ ಮೈಯಲ್ಲಿ ಅಳಿಯುವ ಕಣಗಳಿಂದ ಬರುವುದು, ಮದ್ದಿನ ಸಾಮಾನ್ಯ ಪ್ರಮಾಣದಿಂದ ಎಣಿಸಿದರೆ, ಎಲ್ಲ ಕೂಡಿ ಸುಮಾರು ಅರ್ಧ ಜೂಲ್. ಹಗುರಾದ ಲಾಳಿಯೊಂದನ್ನು ಮೊಳದೆತ್ತರಕ್ಕೆ ಎತ್ತುವಷ್ಟು!

ಚಿತ್ರದಲ್ಲಿ ಎದೆಯ ಗಂಟು ಕಪ್ಪಗೆ ಕಂಡಿತು, ಕಂಕುಳಲ್ಲಿ ಚುಕ್ಕೆಯೊಂದಿದ್ದಿತು. ಎರಡು ಮುಂಗೈಗಳಲ್ಲಿಯೂ ಮಸುಕಾದ ಪಟ್ಟೆಗಳು. ನನ್ನ ಎದೆ ಧಸಕ್ಕೆಂದಿತು. “ಬೆರಳಾಡಿಸಿದಿರಾ?” ಎಂದು ವೈದ್ಯರು ಕೇಳಲು ಅವ್ವ ನಾಚಿದಳು. ಸುಮ್ಮನೆ ಕೂರಲಾರದೆ, ಹರಿದ ಎಳೆಗಳನ್ನು ಗಂಟಿಕ್ಕುವಂತೆ ತಾಸೊತ್ತು ಬೆರಳು ಹೊಸೆದಿದ್ದಳಂತೆ. ಅದು ರೋಗವಲ್ಲವೆಂದರು. ಕಂಕುಳ ಚುಕ್ಕೆಯ ಮಾತಿಗೆ ಅವರು ಅಷ್ಟು ಬೇಗ ಉತ್ತರ ಕೊಡಲಿಲ್ಲ.

ಮರುದಿನ ಬೆಳಗ್ಗೆ ಗುಡೂರಿನಲ್ಲಿ ಇಳಿಯುವ ಹೊತ್ತಿಗೆ ಹನ್ನೊಂದು ಅರ್ಧಾಯುಗಳು ಸಂದಿದ್ದುವು. ಮದ್ದಿನ ಎರಡು ಸಾವಿರದಲ್ಲೊಂದು ಪಾಲೂ ಉಳಿದಿರಲಿಲ್ಲ. ಮೊಮ್ಮಗಳು ಓಡಿ ಬಂದಳು. ಅವ್ವ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಮುಖವನ್ನು ನೋಡಿದಳು.

“ಎತ್ತಿಕೋ” ಎಂದೆನು.