ಸೇನ್ ನದಿಯ ದಡದಲ್ಲಿ ಹದಿನಾರು ಮನೆ

ಪ್ಯಾರಿಸ್ಸಿಗೆ ಹೋದವರು ಐಫೆಲ್ ಗೋಪುರವನ್ನು ಹತ್ತುತ್ತಾರೆ. ಲೂವ್ರ್ ಸಂಗ್ರಹಾಲಯದಲ್ಲಿ ಕಾಲು ಸೋಲುವವರೆಗೆ ಅಲೆಯುತ್ತಾರೆ. ಊರಿಗೆ ಹಿಂದಿರುಗಿ ನಾಲ್ಕು ಜನರ ಮುಂದೆ ಬಣ್ಣಿಸುತ್ತಾರೆ. ನನ್ನ ಹನ್ನೆರಡು ದಿನಗಳಲ್ಲಿ ಗೋಪುರವನ್ನು ದೂರದಿಂದಲೇ ಕಂಡು ತೃಪ್ತನಾದೆ. ನಾನು ಹೋದದ್ದು ಮೂರು ನಿಮಿಷಗಳ ಒಂದು ಜಾಝ್ ರಚನೆಯನ್ನು ಗಿಟಾರಿನ ಮೇಲೆ ನುಡಿಸಲು ಕಲಿಯುವುದಕ್ಕೆ. ಐವತ್ತೆರಡು ವರ್ಷದವನಿಗೆ ಇದೆಂತಹ ಹುಚ್ಚು ಎಂದು ವಾಚಕರು ಕೇಳಿಯಾರು. ಮನೆಯವರೂ ಕೇಳಿದ್ದರು.

ಕಾರಣ ನನ್ನ ಎಡಗೈ. ಮೂರು ವರ್ಷಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಉಂಗುರದ ಬೆರಳೂ ಕಿರುಬೆರಳೂ ಮಾತ್ರ ಪೂರ್ತಿಯಾಗಿ ಮಡಿಯದೆ ಉಳಿದುವು. ಹುಡುಗನಾಗಿದ್ದಾಗಿನಿಂದ ನುಡಿಸುತ್ತಿದ್ದ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಕಾಯಿತು. ಸಂಜೆಯ ಹೊತ್ತು ಏನು ಮಾಡಬೇಕೆಂದು ತಿಳಿಯದೆ ಕುಳಿತಿದ್ದ ಆ ದಿನಗಳಲ್ಲಿ ಸ್ನೇಹಿತರೊಬ್ಬರು ಒಂದು ಹಳೆಯ ಮುದ್ರಿಕೆಯನ್ನು ಕೇಳಿಸಿದರು. ಗಿಟಾರಿನ ಸ್ವರಗಳು ಮುತ್ತಿನ ಸರ ಹರಿದಂತೆ ಉದುರುತ್ತಿದ್ದುವು. "ಇದನ್ನು ನುಡಿಸಿದವನ ಎಡಗೈಯಲ್ಲಿ ಓಡಾಡುತ್ತಿದ್ದುದು ಎರಡೇ ಬೆರಳು" ಎಂದು ಅವರು ಹೇಳಿದಾಗ ನಾನು ಎದ್ದು ಕುಳಿತೆ.

ಆತನ ಹೆಸರು ಜಾಂಗೊ ರೈನ್‌ಹಾರ್ಟ್. 1910ರಲ್ಲಿ ಬೆಲ್ಜಿಯಂ ದೇಶದ ಲಿಬೆರ್ಶಿ ಎಂಬ ಹಳ್ಳಿಯ ಬಳಿ, ಅಲೆಮಾರಿ ಮಾನೂಶ್ ಕುಟುಂಬವೊಂದರ ಬಂಡಿಯಲ್ಲಿ ಹುಟ್ಟಿದವನು. ಪ್ಯಾರಿಸ್ಸಿನ ಹೊರವಲಯದಲ್ಲಿ ಬೆಳೆದವನು. 1928ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಒಂದು ರಾತ್ರಿ ಅವನ ಬಂಡಿಗೆ ಬೆಂಕಿ ಬಿದ್ದಿತು. ಹೆಂಡತಿ ಮಾರುವುದಕ್ಕಾಗಿ ಮಾಡಿಟ್ಟಿದ್ದ ಸೆಲ್ಯುಲಾಯಿಡ್ ಹೂವುಗಳು ಕ್ಷಣಮಾತ್ರದಲ್ಲಿ ಹೊತ್ತಿಕೊಂಡುವು. ಎಡಗೈಯ ಉಂಗುರದ ಬೆರಳು, ಕಿರುಬೆರಳುಗಳು ಸೆಟೆದುಹೋದುವು. ತಮ್ಮನಾದ ಜೋಸೆಫ್ ಹಾಸಿಗೆಯ ಬಳಿಗೆ ಒಂದು ಗಿಟಾರನ್ನು ತಂದಿಟ್ಟ. ಒಂದೂವರೆ ವರ್ಷದಷ್ಟು ಕಾಲ ಆತ ಉಳಿದ ಬೆರಳುಗಳಿಗೆ ಹೊಸ ದಾರಿ ಕಲಿಸಿದ. 1934ರಲ್ಲಿ ಪಿಟೀಲಿನ ಸ್ತೆಫಾನ್ ಗ್ರಾಪೆಲ್ಲಿಯೊಡನೆ ಸೇರಿ ಐವರ ಮೇಳವೊಂದನ್ನು ಕಟ್ಟಿದ: ಮೂರು ಗಿಟಾರ್, ಒಂದು ಪಿಟೀಲು, ಒಂದು ದೊಡ್ಡ ಬೇಸ್ ವಾದ್ಯ. ಚರ್ಮವಾದ್ಯವೇ ಇಲ್ಲ. ನನ್ನ ಸ್ನೇಹಿತರು ಕೇಳಿಸಿದ 'ಮೈನರ್ ಸ್ವಿಂಗ್' ಅವರಿಬ್ಬರ ರಚನೆ. 1937ರ ನವೆಂಬರಿನಲ್ಲಿ ಮುದ್ರಣವಾದದ್ದು.

ಪಿಗಾಲ್ ಬಡಾವಣೆಗೆ ಅಂಟಿಕೊಂಡಂತೆ ರೂ ದ ದುಎ ಎಂಬ ಬೀದಿಯುಂಟು. ನಮ್ಮ ಊರುಗಳಲ್ಲಿ ಕಂಚುಗಾರರ ಬೀದಿ, ಬಳೆಗಾರರ ಬೀದಿ ಇದ್ದಂತೆ ಅದು ವಾದ್ಯಗಳ ಬೀದಿ. ಅಂಗಡಿಗಳ ಸಂಖ್ಯೆ ಮೊದಲಿನಷ್ಟಿಲ್ಲವಾದರೂ ಕಿಟಕಿಗಳಲ್ಲಿ ಗಿಟಾರುಗಳು ಇನ್ನೂ ಸಾಲುಸಾಲಾಗಿ ನೇತಾಡುತ್ತವೆ. ಅಲ್ಲಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಮೂಲೆಯಲ್ಲಿ ತಂತಿ ಬದಲಾಯಿಸುತ್ತಿದ್ದ ವೃದ್ಧರೊಬ್ಬರನ್ನು ತೋರಿಸಿದರು. ತಾಯಿಯ ಕಡೆಯಿಂದ ಮಾನೂಶ್ ಜನ. ಇಂಗ್ಲಿಷು ಅವರಿಗೂ ಅಷ್ಟಕ್ಕಷ್ಟೆ, ಫ್ರೆಂಚು ನನಗೂ ಅಷ್ಟಕ್ಕಷ್ಟೆ. ನಾನು ಕೈಯನ್ನು ಮುಂದೆ ಚಾಚಿ ಎರಡು ಬೆರಳುಗಳ ಕಥೆ ಹೇಳಿದೆ. ಅವರು ಮರುಕವನ್ನೇನೂ ತೋರಿಸಲಿಲ್ಲ.

"ನಾಳೆ ಹತ್ತು ಗಂಟೆಗೆ ಬನ್ನಿ. ಕಾಗದ ಪೆನ್ಸಿಲು ತರಬೇಡಿ" ಎಂದರು.

ಜಾಂಗೊಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಈ ಮುದುಕರ ಪಾಠವೂ ಅದೇ ಪರಂಪರೆಯದು: ನೋಡು, ಕೇಳು, ನುಡಿಸು. ಕಾಗದವಿಲ್ಲದ ವಿದ್ಯೆ ನಮಗೇನೂ ಹೊಸದಲ್ಲವಷ್ಟೆ.

ಆ ರಚನೆಯ ಅಂಗವನ್ನು ಸ್ವಲ್ಪ ವಿವರಿಸಬೇಕು. ಅದರ ಒಂದು ಸುತ್ತಿಗೆ ಹದಿನಾರು ಮನೆ. ಅವರು ಬಾರ್ ಎನ್ನುವುದನ್ನು ಪಗಡೆಯ ನೆನಪಿನಿಂದ ನಾನು ಮನೆಯೆಂದು ಕರೆದುಕೊಂಡೆ. ಪ್ರತಿ ಮನೆಗೆ ನಾಲ್ಕು ಎಣಿಕೆ. ಒಟ್ಟಿಗೆ ಮೀಟುವ ಸ್ವರಗಳ ಗೊಂಚಲು, ಅಂದರೆ ಕಾರ್ಡುಗಳು, ಮುಖ್ಯವಾಗಿ ಮೂರೇ: ಎ ಮೈನರ್, ಡಿ ಮೈನರ್, ಇ ಸೆವೆನ್. ಮೊದಲೆರಡು ಮನೆ ಎ, ಮುಂದೆರಡು ಡಿ, ಮತ್ತೆರಡು ಇ, ಮತ್ತೆ ಎರಡು ಎ. ಅಲ್ಲಿಗೆ ಅರ್ಧ ಸುತ್ತು. ಅನಂತರ ಎರಡು ಡಿ, ಎರಡು ಎ, ಎರಡು ಇ, ಕೊನೆಯ ಎರಡು ಎ; ಕೊನೆಯ ಮನೆಯಲ್ಲಿ ಬೇಕಾದರೆ ಇ ಒಂದನ್ನು ತುರುಕಿ ಮೊದಲಿಗೆ ಹಿಂದಿರುಗುವುದು. ರಾಗಮಾಲಿಕೆ ಕಲಿತ ಯಾರಿಗಾದರೂ ಇದು ಹತ್ತು ನಿಮಿಷದ ಪಾಠ ಎಂದುಕೊಂಡೆ. ನನ್ನ ಜಂಭಕ್ಕೆ ಹನ್ನೊಂದು ದಿನದ ದಂಡ ಬಿತ್ತು.

ಎ ಮೈನರಿಗೆ ಅವರು ತೋರಿಸಿದ ಹಿಡಿತ ವಿಚಿತ್ರವಾದದ್ದು. ಹೆಬ್ಬೆರಳನ್ನು ಕುತ್ತಿಗೆಯ ಮೇಲಿನಿಂದ ಬಳಸಿ ದಪ್ಪ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಬೇಕು. ತೋರುಬೆರಳು ನಾಲ್ಕನೆಯ ತಂತಿಯ ನಾಲ್ಕನೆಯ ಮೆಟ್ಟಿಗೆ. ನಡುಬೆರಳನ್ನು ಮಲಗಿಸಿ ಮೂರನೆಯ ಎರಡನೆಯ ತಂತಿಗಳೆರಡನ್ನೂ ಐದರಲ್ಲಿ. ಎರಡು ಬೆರಳು, ಒಂದು ಹೆಬ್ಬೆರಳು, ನಾಲ್ಕು ಸ್ವರ. ನನ್ನ ಪಿಟೀಲು ಗುರುಗಳು ಆ ಹೆಬ್ಬೆರಳನ್ನು ಕಂಡಿದ್ದರೆ ಕಮಾನಿನಿಂದ ಒಂದು ಏಟು ಬಿಡುತ್ತಿದ್ದರು. ನಾನು ಮಾತ್ರ ಹಿಗ್ಗಿಹೋದೆ. ನನ್ನ ಸೋತ ಬೆರಳುಗಳಿಗೆ ಇಲ್ಲಿ ಕೆಲಸವೇ ಇಲ್ಲ!

ಮುದುಕರು ಆ ಹಿಗ್ಗನ್ನು ಹೆಚ್ಚು ಹೊತ್ತು ಉಳಿಯಗೊಡಲಿಲ್ಲ. ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿ ಇಡಿಸಿದರು, ಸ್ವರ ಹೊರಡಕೂಡದು. ಎರಡು ದಿನ ಬಲಗೈಯ ಪಾಠ ಮಾತ್ರ. ಮೇಳದಲ್ಲಿ ಚರ್ಮವಾದ್ಯವಿಲ್ಲವೆಂದೆನಲ್ಲ, ಆ ಕೆಲಸವನ್ನು ಪಕ್ಕದ ಗಿಟಾರುಗಳೇ ಮಾಡಬೇಕು. ಈ ಮೀಟಿಗೆ 'ಪೋಂಪ್' ಎಂದು ಹೆಸರು. ಅರ್ಥ, ನೀರೆತ್ತುವ ಪಂಪು. ಒಂದನೆಯ ಮೂರನೆಯ ಎಣಿಕೆಗಳು ಮೆಲ್ಲಗೆ. ಎರಡು, ನಾಲ್ಕು ಚುರುಕಾಗಿ, ಮೀಟಿದೊಡನೆ ನಾದವನ್ನು ಕತ್ತರಿಸಿದಂತೆ. ಆದಿತಾಳದಲ್ಲಿ ಮೊದಲ ಘಾತಕ್ಕೆ ತಲೆದೂಗಿ ಬೆಳೆದ ನನಗೆ ಇದು ಎಡಗಡೆಗೆ ನಡೆಯುವವನನ್ನು ಬಲಗಡೆಗೆ ತಿರುಗಿಸಿದ ಹಾಗಾಯಿತು. ಗೊತ್ತಿಲ್ಲದಂತೆಯೇ ಒತ್ತು ಒಂದಕ್ಕೆ ಬಂದು ಬೀಳುವುದು. ಅವರು ಬೂಟುಗಾಲಿನಿಂದ ನೆಲ ಗುದ್ದಿ, "ರೈತನ ಕುಣಿತ! ರೈತನ ಕುಣಿತ!" ಎಂದು ಗದರಿಸುವರು. ರೈತನ ಮೊಮ್ಮಗನಾದ ನನಗೆ ಅದರಲ್ಲಿ ಅವಮಾನವೇನೂ ಕಾಣಲಿಲ್ಲ.

ಮೂರನೆಯ ದಿನ ಗುಟ್ಟು ತಿಳಿಯಿತು. ನಾದವನ್ನು ಕತ್ತರಿಸುವುದು ಬಲಗೈಯಲ್ಲ, ಎಡಗೈ. ಒತ್ತಿದ ಬೆರಳುಗಳನ್ನು ತಂತಿಯಿಂದ ಎತ್ತದೆ ಸಡಿಲಿಸಬೇಕು. ಆಗ ಸ್ವರ ಅಲ್ಲಿಯೇ ಸಾಯುತ್ತದೆ. ಮೂರು ವರ್ಷಗಳಿಂದ ಒತ್ತುವುದನ್ನೇ ಅಭ್ಯಾಸ ಮಾಡುತ್ತಿದ್ದೆ. ಸಡಿಲಿಸುವುದು ನನಗೆ ತೋಚಿರಲಿಲ್ಲ. ಸೋತ ಬೆರಳುಗಳನ್ನೂ ಅವರು ಸುಮ್ಮನೆ ಬಿಡಲಿಲ್ಲ. "ಜಾಂಗೊ ತನ್ನ ಎರಡು ಬೆರಳುಗಳನ್ನು ಎಸೆದುಬಿಡಲಿಲ್ಲ. ಕಾರ್ಡು ಹಿಡಿಯುವಾಗ ಕೆಳಗಿನ ಎರಡು ತಂತಿಗಳ ಮೇಲೆ ಅವನ್ನು ಒರಗಿಸಿಕೊಳ್ಳುತ್ತಿದ್ದ. ನಿಮ್ಮವೂ ತಂತಿಗಳನ್ನು ಮುಟ್ಟಿ ಮೌನವಾಗಿಸಲಿ" ಎಂದರು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟಂತಿದ್ದ ಆ ಬೆರಳುಗಳಿಗೆ ಹೀಗೆ ಕೆಲಸವೊಂದು ದೊರೆಯಿತು.

ಬಿಡುವಿನಲ್ಲಿ ಕಾಫಿ ಕುಡಿಯುತ್ತ ಅವರು ತಾಯಿಯ ಭಾಷೆಯ ಮಾತುಗಳನ್ನು ಹೇಳುತ್ತಿದ್ದರು. ನೀರಿಗೆ 'ಪಾನಿ', ಮೂಗಿಗೆ 'ನಾಕ್', ಕಿವಿಗೆ 'ಕಾನ್'. ಮಾನೂಶ್ ಎಂದರೇನೆಂದು ಕೇಳಿದೆ. "ಮನುಷ್ಯ" ಎಂದು ತಮ್ಮ ಎದೆಯನ್ನು ಮುಟ್ಟಿಕೊಂಡು ತೋರಿಸಿದರು. ಸಾವಿರ ವರ್ಷಗಳಷ್ಟು ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರ ಮಾತು ಅದು. ಆ ಮಾನುಷರನ್ನು ಯುರೋಪು ನಡೆಸಿಕೊಂಡ ರೀತಿ ಮಾತ್ರ ಘೋರ. 1940ರ ಏಪ್ರಿಲಿನಲ್ಲಿ ಅಲೆಮಾರಿಗಳ ಸಂಚಾರವನ್ನು ಫ್ರಾನ್ಸ್ ನಿಷೇಧಿಸಿತು. ಸಾವಿರಾರು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. 1944ರಲ್ಲಿ ಪ್ಯಾರಿಸ್ ವಿಮೋಚನೆಯಾದ ಮೇಲೂ ಬಾಗಿಲು ತೆರೆಯಲಿಲ್ಲ. ಕೊನೆಯ ಶಿಬಿರ ಮುಚ್ಚಿದ್ದು 1946ರಲ್ಲಿ. ಫ್ರಾನ್ಸಿನ ಅಧ್ಯಕ್ಷರೊಬ್ಬರು ಈ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 2016ರಲ್ಲಿ. ಜಾಂಗೊ ಕೀರ್ತಿಯ ಬಲದಿಂದ ಪ್ಯಾರಿಸ್ಸಿನಲ್ಲಿ ನುಡಿಸುತ್ತಲೇ ಉಳಿದ. 1943ರಲ್ಲಿ ಸ್ವಿಟ್ಜರ್ಲೆಂಡಿಗೆ ದಾಟಲು ಹೋಗಿ ವಿಫಲನಾದ. ಮುದುಕರ ತಾಯಿ ಶಿಬಿರದಿಂದ ಬಂದವರು. "ಅಮ್ಮ ಅದರ ಮಾತೆತ್ತುತ್ತಿರಲಿಲ್ಲ. ಗಿಟಾರ್ ಕೇಳಿದರೆ ಮಾತ್ರ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ತಟ್ಟುತ್ತಿದ್ದಳು" ಎಂದಷ್ಟೆ ಹೇಳಿ ಬಟ್ಟಲನ್ನು ಕೆಳಗಿಟ್ಟರು. ಆ ದಿನದ ಪಾಠ ಮುಂದುವರಿಯಲಿಲ್ಲ.

ಹನ್ನೊಂದನೆಯ ದಿನ ನಾವಿಬ್ಬರೂ ಸಾಮ್ವಾಗೆ ಹೊರಟೆವು. ಗಾರ್ ದ ಲಿಯೋಂ ನಿಲ್ದಾಣದಿಂದ ಮುಕ್ಕಾಲು ಗಂಟೆಯೊಳಗೆ ರೈಲು ಫೊಂತೆನ್‌ಬ್ಲೋ ಕಾಡಿನ ಅಂಚಿಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದೆ ಸೇನ್ ನದಿ. ಪ್ಯಾರಿಸ್ಸಿನ ಕಲ್ಲಿನ ಕಟ್ಟೆಗಳ ನಡುವಿನ ಬಿಗುಮಾನ ಅದಕ್ಕಿಲ್ಲಿಲ್ಲ. ದಡದ ಹುಲ್ಲು ನೀರಿಗೆ ಇಳಿದಿದೆ. ಎದುರು ದಡದ ಮರಗಳು ತಲೆಕೆಳಗಾಗಿ ನಿಂತಿವೆ. ಜಾಂಗೊ 1951ರಲ್ಲಿ ಈ ಹಳ್ಳಿಗೆ ಬಂದು ನೆಲಸಿ ಮೀನು ಹಿಡಿಯುತ್ತ, ಚಿತ್ರ ಬರೆಯುತ್ತ, ಬಿಲಿಯರ್ಡ್ಸ್ ಆಡುತ್ತ ಕಾಲ ಕಳೆದ. 1953ರ ಮೇ 16ರಂದು ರೈಲಿಳಿದು ಬಂದವನು ಮೆದುಳಿನ ರಕ್ತಸ್ರಾವದಿಂದ ಕುಸಿದು ತೀರಿಕೊಂಡ. ವಯಸ್ಸು ನಲವತ್ತಮೂರು. ಹಳ್ಳಿಯ ನಡುಗಡ್ಡೆಯಲ್ಲಿ ಆತನ ಹೆಸರಿನ ಉತ್ಸವ ವರ್ಷಗಟ್ಟಲೆ ನಡೆಯಿತು. 2016ರಲ್ಲಿ ನದಿ ಉಕ್ಕಿದಾಗ ಅದನ್ನು ಫೊಂತೆನ್‌ಬ್ಲೋಗೆ ಸಾಗಿಸಿದರು.

ಸ್ಮಶಾನದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಂದವರು ಸಮಾಧಿಯ ಮೇಲೆ ಮೀಟುಗಳನ್ನು ಇಟ್ಟುಹೋಗಿದ್ದರು. ನನ್ನ ಜೇಬಿನಲ್ಲಿದ್ದುದನ್ನೂ ಇಡೋಣವೆಂದುಕೊಂಡೆ. ಮುದುಕರು ತಡೆದು, "ಮೊದಲು ನುಡಿಸಿ" ಎಂದು ನದಿಯ ಕಡೆಗೆ ನಡೆದರು.

ದಡದ ಕಲ್ಲುಬೆಂಚಿನ ಮೇಲೆ ಕುಳಿತೆವು. ಅವರು ರಾಗವನ್ನು ಹಿಡಿದರು, ನಾನು ಪಂಪನ್ನು. ಮೊದಲ ಸುತ್ತು ಎಣಿಸುತ್ತ ಸಾಗಿತು. ಎರಡನೆಯದರಲ್ಲಿ ಎಣಿಕೆ ನಾಲಗೆಯಿಂದ ಕಾಲಿಗೆ ಇಳಿಯಿತು. ಮೂರನೆಯದರಲ್ಲಿ ಸೋತ ಬೆರಳುಗಳು ತಂತಿಗಳನ್ನು ತಾವಾಗಿಯೇ ಮುಟ್ಟುತ್ತಿದ್ದುವು, ಎಣಿಸಬೇಕೆಂಬುದೇ ಮರೆತಿತ್ತು. ಮರೆತದ್ದು ನೆನಪಾದ ಕೂಡಲೆ ನಾಲ್ಕನೆಯ ಸುತ್ತಿನ ಹನ್ನೊಂದನೆಯ ಮನೆಯಲ್ಲಿ ದಾರಿ ತಪ್ಪಿ ನಿಂತುಬಿಟ್ಟೆ. ಮುದುಕರು ನಿಲ್ಲಲಿಲ್ಲ, ಎ, ಎ, ಇ, ಇ ಎಂದು ಗಲ್ಲವನ್ನು ಆಡಿಸುತ್ತ ದಾರಿ ತೋರಿಸಿ, ಮೊದಲ ಮನೆಯಲ್ಲಿ ನನ್ನನ್ನು ಮತ್ತೆ ಹತ್ತಿಸಿಕೊಂಡರು. ಆ ಹಳೆಯ ಮುದ್ರಿಕೆಯ ಕೊನೆಯಲ್ಲಿ ವಾದಕನೊಬ್ಬ ಉತ್ಸಾಹದಿಂದ ಕೂಗುವುದುಂಟು. ನಮ್ಮ ನುಡಿಸಾಣಿಕೆ ಮುಗಿದಾಗ ಕೂಗಿದ್ದು ನೀರಿನ ಮೇಲಿದ್ದ ಒಂದು ಬಾತುಕೋಳಿ.

ಹಿಂದಿರುಗುವ ಮುನ್ನ ಸ್ಮಶಾನಕ್ಕೆ ಹೋಗಿ ನನ್ನ ಮೀಟನ್ನು ಇಟ್ಟು ಬಂದೆ. ನನ್ನ ಬಳಿ ಇದ್ದುದು ಅದೊಂದೇ ಎಂಬುದು ರಾತ್ರಿ ಅಭ್ಯಾಸಕ್ಕೆ ಕುಳಿತಾಗ ತಿಳಿಯಿತು. ಮರುದಿನ ವಿಮಾನಕ್ಕೆ ಹೊರಡುವ ಮೊದಲು ರೂ ದ ದುಎ ಬೀದಿಗೆ ಓಡಿ ನಾಲ್ಕು ಮೀಟುಗಳನ್ನು ಕೊಂಡುಕೊಂಡೆ.