ಅಡ್ಡಗೆರೆಯ ಬೆಲೆ

ತೊಟ್ಟಿಲಲ್ಲಿ ಇಟ್ಟ ಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಮನೆಮಂದಿ ಕೂಗುವುದು ಪುಟ್ಟ ಅಂತ. ಎಕ್ಸ್‌ಎಂಎಲ್ ಕಡತವನ್ನು ವೆಬ್ ಪುಟವಾಗಿಯೋ ಪಟ್ಟಿಯಾಗಿಯೋ ಮಾರ್ಪಡಿಸುವ ಎಕ್ಸ್‌ಎಸ್‌ಎಲ್‌ಟಿಯಲ್ಲೂ ಹೀಗೇ. ಟ್ಯಾಗುಗಳ ಮುಂದೆ ಬರೆಯುವ ‘ಎಕ್ಸ್‌ಎಸ್‌ಎಲ್’ ಕೂಗುವ ಹೆಸರು ಮಾತ್ರ, ಬೇರೇನಿಟ್ಟರೂ ನಡೆಯುತ್ತದೆ. ದಾಖಲೆಯ ಹೆಸರು ನೇಮ್‌ಸ್ಪೇಸಿನ ಉದ್ದನೆಯ ವಿಳಾಸ. ಮೊದಲ ಆವೃತ್ತಿ ಬಂದ 1999 ಅದರೊಳಗೇ ಕೂತಿದೆ. 2007ರಲ್ಲಿ ಎರಡನೆಯದು, 2017ರಲ್ಲಿ ಮೂರನೆಯದು ಬಂದರೂ ಕದಲಲಿಲ್ಲ. ಕೂಗುವ ಹೆಸರನ್ನೂ ಕದಲಿಸಬಾರದು ಅನ್ನುವವನು ನಾನು. ಊರೆಲ್ಲ ಒಂದು ಹೆಸರಿಂದ ಕರೆಯುವಾಗ ನಮ್ಮೊಬ್ಬರ ಮನೆಯಲ್ಲಿ ಬೇರೆ ಯಾಕೆ?

ಜೇಮ್ಸ್ ಕ್ಲಾರ್ಕ್ ಸಂಪಾದಿಸಿದ ಆ ಮೊದಲ ಆವೃತ್ತಿಯಲ್ಲೇ ಹೆಸರಿನ ಕ್ರಮ ಹೇಳಿದೆ: ಎಲ್ಲ ಸಣ್ಣಕ್ಷರ, ಪದಗಳ ನಡುವೆ ಅಡ್ಡಗೆರೆ. ಫಾರ್-ಈಚ್, ವ್ಯಾಲ್ಯೂ-ಆಫ್, ಅಪ್ಲೈ-ಟೆಂಪ್ಲೇಟ್ಸ್. ಜಾವಾದಲ್ಲಿ ಪಳಗಿದ ಕೈ ಇಲ್ಲೂ ಪದದ ನಡುವೆ ದೊಡ್ಡಕ್ಷರ ಎಬ್ಬಿಸುತ್ತದೆ. ನನಗೆ ಅಡ್ಡಗೆರೆಯೇ ಹಿತ. ಎಕ್ಸ್‌ಎಂಎಲ್‌ನಲ್ಲಿ ಕನ್ನಡದ ಹೆಸರುಗಳನ್ನೇ ಇಡಬಹುದು, ಕನ್ನಡಕ್ಕೋ ದೊಡ್ಡಕ್ಷರವೇ ಇಲ್ಲ. ಬೆಲೆ, ಇಳಿಕೆ ಎರಡನ್ನೂ ಅಂಟಿಸಿದರೆ ನಡುವೆ ಯಕಾರ ಬಂದು ‘ಬೆಲೆಯಿಳಿಕೆ’ ಆಗುತ್ತದೆ. ‘ಬೆಲೆ-ಇಳಿಕೆ’ ಎಂದು ಬರೆದರೆ ಎರಡೂ ಇದ್ದಹಾಗೇ ಉಳಿಯುತ್ತವೆ.

ಈ ಅಡ್ಡಗೆರೆಯೇ ಒಮ್ಮೆ ನನ್ನ ಇಡೀ ಸಂಜೆ ತಿಂದಿತು. ಪುಸ್ತಕ ಮಾರಾಟದ ಪಟ್ಟಿ ಮಾಡುತ್ತಿದ್ದೆ. ಬೆಲೆಯಲ್ಲಿ ಇಳಿಕೆ ಕಳೆಯಲಿ ಅಂತ ಬೆಲೆ-ಇಳಿಕೆ ಎಂದು ಬರೆದೆ. ಪುಟ ಬಂತು, ಮೊತ್ತದ ಅಂಕಣ ಪೂರ್ತಿ ಖಾಲಿ. ತಪ್ಪಿದೆ ಎಂಬ ಒಂದು ಸೂಚನೆಯೂ ಇಲ್ಲ. ಅದನ್ನು ಕಳೆಯುವ ಲೆಕ್ಕ ಎಂದು ಎಕ್ಸ್‌ಎಸ್‌ಎಲ್‌ಟಿ ಓದಿರಲೇ ಇಲ್ಲ. ‘ಬೆಲೆ-ಇಳಿಕೆ’ ಎಂಬ ಒಂದೇ ಹೆಸರಿನ ಅಂಶವನ್ನು ಹುಡುಕಿ, ಸಿಗದೆ, ಸುಮ್ಮನಾಗಿತ್ತು. ಗೆರೆಗೆ ಮುಂಚೆ ಒಂದು ಜಾಗ ಬಿಟ್ಟಿದ್ದರೆ ಸಾಕಿತ್ತು. ಅಂದಿನಿಂದ ಎರಡೂ ಕಡೆ ಬಿಡುತ್ತೇನೆ.

ಖಾಲಿ ಜಾಗವೂ ಇಲ್ಲಿ ಸಾಮಾನ್ಯದ್ದಲ್ಲ. ಟ್ಯಾಗುಗಳ ನಡುವೆ ಬರೀ ಖಾಲಿ ಇದ್ದರೆ ಭಾಷೆಯೇ ಗುಡಿಸಿಹಾಕುತ್ತದೆ, ಎಷ್ಟು ಬೇಕಾದರೂ ಒಳಸರಿಸಿ ಬರೆಯಿರಿ. ಅಲ್ಲಿ ಒಂದು ಅಲ್ಪವಿರಾಮ ಬಿತ್ತೋ, ಅದರ ಅಕ್ಕಪಕ್ಕದ ಎಂಟರ್, ಸ್ಪೇಸ್ ಎಲ್ಲವೂ ಅದರ ಬೆನ್ನುಹತ್ತಿ ಹೊರಬರುತ್ತವೆ. ವೆಬ್ ಪುಟದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸಿಎಸ್‌ವಿ ತೆಗೆದರೆ ಒಂದು ಪುಸ್ತಕದ ವಿವರ ನಾಲ್ಕು ಸಾಲಿಗೆ ಚೆಲ್ಲಿರುತ್ತದೆ. ಅಂಥ ಅಲ್ಪವಿರಾಮವನ್ನು ಟೆಕ್ಸ್ಟ್ ಟ್ಯಾಗಿನೊಳಗೆ ಭದ್ರವಾಗಿಡಬೇಕು. ಚೆಂದಕ್ಕೆಂದು ಸಾಲು ಮುರಿಯುವ ಮುಂಚೆ ನಾನು ಇದನ್ನೊಮ್ಮೆ ನೋಡಿಕೊಳ್ಳುತ್ತೇನೆ.

ಕನ್ನಡದ ಹೆಸರಿಗೆ ಇನ್ನೊಂದು ಕಷ್ಟವಿದೆ. ‘ಸ್ಟಾಕ್’ ಎಂದು ಟೈಪಿಸಿದಾಗ ಕೊನೆಯ ಅರ್ಧಾಕ್ಷರದ ನಂತರ, ಒತ್ತು ಮೂಡದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವೊಂದು ಸೇರಿಕೊಳ್ಳಬಹುದು. ಎಕ್ಸ್‌ಎಂಎಲ್‌ನ 2008ರ ಐದನೇ ಪರಿಷ್ಕರಣೆ ಹೆಸರುಗಳಲ್ಲಿ ಅದನ್ನು ಒಪ್ಪುತ್ತದೆ. ಪರದೆಯ ಮೇಲೆ ಎರಡೂ ‘ಸ್ಟಾಕ್’ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಟೆಂಪ್ಲೇಟ್ ಹೊಂದುವುದೇ ಇಲ್ಲ. ಅದಕ್ಕೇ ಈಗ ಸ್ವರದಲ್ಲಿ ಮುಗಿಯುವ ಹೆಸರನ್ನೇ ಹುಡುಕುತ್ತೇನೆ. ಸ್ಟಾಕ್ ಹೋಗಿ ದಾಸ್ತಾನು ಬಂದಿದೆ.